ಬೆಳ್ಳಿಗೆ ಸಾಲದ ಜಾಗ

ಲುತ್ಸ್ಕ್
2 ಫೆಬ್ರವರಿ 1999

ಗೌರವಾನ್ವಿತ ವಾಂಡಾ ಯೂಲಿಯಾನಿವ್ನಾ ಅವರಿಗೆ,

ಲಕೋಟೆಯಲ್ಲಿರುವ ನೀಲಿ ರಟ್ಟಿನ ಪುಸ್ತಿಕೆಯನ್ನು ಮೊದಲು ಕೈಗೆತ್ತಿಕೊಳ್ಳಿ, ಆಮೇಲೆ ಈ ಪತ್ರ ಓದಿ. ನನ್ನ ಪ್ರಬಂಧದ ಸಾರಾಂಶ ಅಚ್ಚಾಗಿದೆ! ಪರೀಕ್ಷಕರ ಮುಂದೆ ಮಂಡನೆ ಇರುವುದು ಮೇ ಇಪ್ಪತ್ತಕ್ಕೆ. ಇಷ್ಟು ಮುಂಚೆ ಯಾಕೆ ಎಂದರೆ, ಅಚ್ಚಿನ ಮನೆಯವರು “ಈಗ ಕಾಗದ ಇದೆ. ಮುಂದಿನ ತಿಂಗಳು ಇರುತ್ತೋ ಇಲ್ವೋ ದೇವರಿಗೇ ಗೊತ್ತು” ಅಂದರು. ಅರ್ಧದಷ್ಟು ಪ್ರತಿಗಳು ಬೇರೆ ಬೇರೆ ಊರಿನ ಗ್ರಂಥಾಲಯಗಳಿಗೆ ಆಗಲೇ ಅಂಚೆಯಲ್ಲಿ ಹೊರಟುಹೋಗಿವೆ.

ಹದಿಮೂರನೆಯ ಪುಟ ನಿಮ್ಮದು. ನಾನು ಕುಲುಮೆಯಲ್ಲಿ ಬೇಯಿಸಿದ ಕೆಂಪು ಸೂಜಿಯಂಥ ಹರಳುಗಳೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ನಿಮ್ಮ ಕ್ಷ-ಕಿರಣ ಯಂತ್ರದಲ್ಲಿ ನೋಡಿ ಬರೆದು ಕಳಿಸಿದಿರಲ್ಲ, ಆ ಚಿತ್ರ ಅಲ್ಲಿದೆ. ಪ್ರೆಸಿಯೊಡೈಮಿಯಂ, ಬೆಳ್ಳಿ, ಸೆಲೆನಿಯಂ ಸೇರಿದ ಹೊಸ ಸಂಯುಕ್ತ. ಬೆಳ್ಳಿ ಕೂತಿರುವ ಎರಡು ಜಾಗಗಳ ಪೈಕಿ ಒಂದರಲ್ಲಿ ಅದು ನೂರಕ್ಕೆ ಮೂವತ್ತು ಪಾಲು ಮಾತ್ರ ಇದೆ, ಉಳಿದದ್ದು ಖಾಲಿ ಎಂದು ನೀವು ಹೇಳಿದ್ದನ್ನು ಹಾಗೆಯೇ ಸೂತ್ರದಲ್ಲಿ ಹಾಕಿದ್ದೇನೆ. ನನ್ನ ಬೇರೆ ಅಧ್ಯಾಯಗಳೆಲ್ಲ ಇತರರು ಮಾಡಿದ್ದಕ್ಕೆ ಸೇರಿಸಿದ ಚೂರುಪಾರು. ಹೊಸದು ಎನ್ನುವಂಥದ್ದು ಇದೊಂದೇ. ಪದವಿ ನಿಂತಿರುವುದು ಇದರ ಮೇಲೆ.

ಸೆಲೆನಿಯಂ ಕೊಳವೆ ಒಡೆದ ದಿನ ಮನೆಗೆ ಹೋದರೆ ನನ್ನ ಗಂಡ ತಿಮೋಫಿ ಕಿಟಕಿ ತೆರೆಯುತ್ತಾನೆ. “ಕೊಳೆತ ಮೂಲಂಗಿ ಜೊತೆ ಸಂಸಾರ ಮಾಡ್ದಂಗಿದೆ ಕಣೇ,” ಅನ್ನುತ್ತಾನೆ. ಅದೇ ಮನುಷ್ಯ ಈಗ ಪುಸ್ತಿಕೆಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಸಂತೆಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದಾನೆ. ನಾಲ್ಕು ವರ್ಷ ನನ್ನ ಹರಳುಗಳನ್ನು ನೀವು ನೋಡಿದ್ದೀರಿ, ನಿಮ್ಮನ್ನು ನಾನು ನೋಡಿಲ್ಲ. ಮಂಡನೆಗೂ ಆಮೇಲಿನ ಊಟಕ್ಕೂ ದಯವಿಟ್ಟು ಬನ್ನಿ.

ನಿಮ್ಮ
ನೀಲಾ ಹ್ರಿಹೊರಿವ್ನಾ


ಲ್ವಿವ್
16 ಫೆಬ್ರವರಿ 1999

ಪಾನಿ ನೀಲಾ,

ಅಭಿನಂದನೆ. ಪುಸ್ತಿಕೆ ಚೊಕ್ಕವಾಗಿದೆ. ಊಟಕ್ಕೆ ಬರುವುದಿಲ್ಲ, ನಾನು ಎಲ್ಲಿಗೂ ಹೋಗುವವಳಲ್ಲ.

ಒಂದು ಸಣ್ಣ ವಿಷಯ. ಆ ಕೊಳವೆ ತುಂಬಿಸುವಾಗ ಮೂರು ಧಾತುಗಳ ಹೊರತು ಬೇರೇನಾದರೂ ಹಾಕಿದ್ದಿರಾ? ಕೊಳವೆ ಹೊರತೆಗೆದಾಗ ಗಾಜು ಹೇಗಿತ್ತು? ಕಾರಣವೇನಿಲ್ಲ, ಸುಮ್ಮನೆ ಕೇಳಿದೆ.

ವಾಂಡಾ


ಲುತ್ಸ್ಕ್
23 ಫೆಬ್ರವರಿ 1999

ಮಾನ್ಯ ವಾಂಡಾ ಯೂಲಿಯಾನಿವ್ನಾ,

ನಿಮ್ಮ ಊರಿನಲ್ಲಿ ಹೆಂಗಸರನ್ನೆಲ್ಲ ‘ಪಾನಿ’, ಅಂದರೆ ಶ್ರೀಮತಿ, ಎಂದು ಕರೆದು ಮೃದುವಾಗಿ ಚುಚ್ಚುತ್ತಾರೆ ಎಂದು ಕೇಳಿದ್ದೆ. ಈಗ ಅನುಭವಕ್ಕೆ ಬಂತು.

ನಾನು ಇಪ್ಪತ್ತು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ಆಮೇಲೆ ಪ್ರಯೋಗಾಲಯಕ್ಕೆ ಬಂದವಳು ನಿಜ. ಹಾಗೆಂದು ಕೊಳವೆಯಲ್ಲಿ ಸಿಕ್ಕಿದ್ದನ್ನೆಲ್ಲ ತುಂಬಿಸುವವಳಲ್ಲ. ತೂಗಿದ್ದು ಮೂರೇ. ಕೊಳವೆ ಆಮ್ಲದಲ್ಲಿ ನೆನೆದದ್ದು, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದದ್ದು, ಲೋಹ ಗಾಜಿಗೆ ತಾಗದಂತೆ ಒಳಗೋಡೆಗೆ ಮಸಿ ಹಿಡಿಸಿದ್ದು. ಗಾಜು ಗಾಜಿನ ಹಾಗೆಯೇ ಇತ್ತು.

ಆ ಹರಳು ನಿಮಗೆ ಅಷ್ಟು ಅನುಮಾನ ತರುವಂತಿದ್ದರೆ ಅಳೆಯುವ ಮೊದಲೇ ಹೇಳಬಹುದಿತ್ತು.

ನೀಲಾ ಹ್ರಿಹೊರಿವ್ನಾ


ಲ್ವಿವ್
20 ಮಾರ್ಚ್ 1999

ಪಾನಿ ನೀಲಾ,

ಉತ್ತರ ತಡವಾಯಿತು. ಯಂತ್ರ ಕೆಟ್ಟಿತ್ತು ಎಂದು ಬರೆಯಲು ಹೊರಟಿದ್ದೆ. ಕೆಟ್ಟಿರಲಿಲ್ಲ. ನಿಮ್ಮ ಹರಳಿನ ಇನ್ನೊಂದು ಸೂಜಿಯನ್ನು ಮತ್ತೆ ಅಳೆಯುತ್ತಿದ್ದೆ.

ಕೈಬರಹದಲ್ಲಿ ಕಾಣದ್ದು ಅಚ್ಚಿನಲ್ಲಿ ಕಾಣುತ್ತದೆ. ನಿಮ್ಮ ಹದಿಮೂರನೆಯ ಪುಟ ತೆರೆದಾಗ ಆ ಸೂತ್ರ ಕುಂಟುತ್ತಿರುವ ಹಾಗೆ ಕಂಡಿತು. ಧನ-ಋಣ ವಿದ್ಯುದಂಶಗಳ ಲೆಕ್ಕ ಹೊಂದದಿರುವುದು ಶರತ್ಕಾಲದಲ್ಲೇ ನನಗೆ ಗೊತ್ತಿತ್ತು. ಇಂಥ ಸಂಯುಕ್ತಗಳಲ್ಲಿ ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅಂತರಗಳನ್ನು ಮತ್ತೆ ನೋಡಿದೆ. ನಾಲ್ಕು ಸೆಲೆನಿಯಂಗಳು ಒಂದು ಪುಟ್ಟ ಗೋಪುರದ ಮೂಲೆಗಳಂತೆ ನಿಂತಿವೆ. ಅವುಗಳ ನಡುವೆ ಬೆಳ್ಳಿ ಇದೆ ಎಂದಿದ್ದೆ. ಆ ಜಾಗ ಬೆಳ್ಳಿಗೆ ಸಾಲದು. ಕೈಕಾಲು ಮಡಚಿಕೊಂಡರೂ ಅದು ಅಲ್ಲಿ ಹಿಡಿಸುವುದಿಲ್ಲ.

ಕ್ಷ-ಕಿರಣಕ್ಕೆ ಹೆಸರು ಗೊತ್ತಿಲ್ಲ. ಎಲೆಕ್ಟ್ರಾನುಗಳು ಎಷ್ಟಿವೆ ಎಂದಷ್ಟೇ ಅದು ಹೇಳುತ್ತದೆ. ಬೆಳ್ಳಿಯಲ್ಲಿ ನಲವತ್ತೇಳು. ಅದರ ಮೂವತ್ತು ಪಾಲು ಎಂದರೆ ಸುಮಾರು ಹದಿನಾಲ್ಕು. ಹದಿನಾಲ್ಕು ಇರುವುದು ಯಾವುದರಲ್ಲಿ? ಸಿಲಿಕಾನಿನಲ್ಲಿ. ಸಿಲಿಕಾನ್ ಪೂರ್ತಿಯಾಗಿ ಕೂತಿದ್ದ ಜಾಗವನ್ನು ನಾನು ಮುಕ್ಕಾಲು ಖಾಲಿ ಬೆಳ್ಳಿ ಎಂದು ಓದಿದೆ. ಅಂಕಿಗಳು ಚೆನ್ನಾಗಿ ಹೊಂದಿದವು, ಅದೇ ಮೋಸ. ಮೂವತ್ತು ವರ್ಷ ಈ ಕೆಲಸ ಮಾಡಿದ ಮೇಲೆ, ಮನೆ ತುಂಬ ಜನ ಇದ್ದಾಗ ಮನೆಯಲ್ಲಿ ಯಾರೂ ಇಲ್ಲ ಎಂದು ಬರೆದು ಬಂದಿದ್ದೇನೆ.

ನೀವು ಹಾಕದ ಸಿಲಿಕಾನ್ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯದು. ಅದಕ್ಕೇ ಗಾಜಿನ ಬಗ್ಗೆ ಕೇಳಿದ್ದು, ನಿಮ್ಮ ಶುಚಿತ್ವದ ಬಗ್ಗೆ ಅಲ್ಲ. ಪುಸ್ತಿಕೆಗಳು ಊರೂರಿಗೆ ಹೋಗಿವೆ ಎಂದು ನೀವು ಅಷ್ಟು ಸಂತೋಷದಿಂದ ಬರೆದಿದ್ದಿರಿ. ಇದನ್ನು ಹೇಳಲು ನನಗೆ ಇಷ್ಟು ದಿನ ಬೇಕಾಯಿತು.

ನೀವು ಏನೂ ಹೇಳದೆ ಮಂಡಿಸಿದರೆ ಯಾರಿಗೂ ತಿಳಿಯಲಿಕ್ಕಿಲ್ಲ. ನಾನೂ ಸುಮ್ಮನಿರುತ್ತೇನೆ. ಇಲ್ಲ, ಅದು ಸುಳ್ಳು, ನನಗೆ ಸುಮ್ಮನಿರಲು ಬರುವುದಿಲ್ಲ. ಮೇ ಇಪ್ಪತ್ತರವರೆಗೆ ಪ್ರಯತ್ನಪಡುತ್ತೇನೆ.

ವಾಂಡಾ


ಲುತ್ಸ್ಕ್
25 ಮಾರ್ಚ್ 1999

ಪ್ರಿಯ ಪಾನಿ ವಾಂಡಾ,

(ನೋಡಿ, ನಾನೂ ಕಲಿತೆ.)

ನಿಮ್ಮ ಪತ್ರ ಓದಿ ಮೊದಲು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಪ್ರಯೋಗಾಲಯಕ್ಕೆ ಹೋಗಿ, ಒಡೆದ ಗಾಜು ಹಾಕುವ ಡಬ್ಬಿಯನ್ನು ನೆಲದ ಮೇಲೆ ಸುರಿದೆ. ಆ ಕೊಳವೆಯ ಚೂರು ಸಿಕ್ಕಿತು. ಯಾವುದೆಂದು ಗುರುತಿಸುವುದು ಕಷ್ಟವಾಗಲಿಲ್ಲ. ಒಳಗಿನ ಮಸಿ ಒಂದು ಕಡೆ ಹಾಳೆಯಂತೆ ಸುಲಿದುಹೋಗಿದೆ. ಅಲ್ಲಿ ಗಾಜು ಹಾಲು ಚೆಲ್ಲಿದಂತೆ ಬೆಳ್ಳಗಾಗಿದೆ, ಉಗುರು ಆಡಿಸಿದರೆ ತರಿತರಿ.

ನಾನು ಇದನ್ನು ಸೆಪ್ಟೆಂಬರಿನಲ್ಲೇ ನೋಡಿದ್ದೆ. ‘ಗಾಜು ಗಾಜಿನ ಹಾಗೆಯೇ ಇತ್ತು’ ಎಂದು ನಿಮಗೆ ಬರೆದಾಗಲೂ ಇದು ನೆನಪಿತ್ತು. ಮಸಿ ಸರಿಯಾಗಿ ಹಿಡಿಸಲು ಬಾರದ ಶಾಲಾ ಮೇಡಂ ಎಂದುಕೊಳ್ಳುತ್ತೀರಿ ಎಂದು ಬಾಯಿ ಬಿಡಲಿಲ್ಲ. ಲೋಹ ಗೋಡೆಯನ್ನೇ ತಿಂದಿದೆ, ಪಾನಿ ವಾಂಡಾ! ಗಾಜಿನೊಳಗಿನ ಸಿಲಿಕಾನನ್ನು ಕಿತ್ತು ತನ್ನ ಮನೆ ಕಟ್ಟಿಕೊಂಡಿದೆ. ನಾನು ಮೂರು ಸಾಮಾನು ಕೊಟ್ಟೆ, ನಾಲ್ಕನೆಯದನ್ನು ಅದು ಪಾತ್ರೆಯಿಂದಲೇ ಕೆರೆದುಕೊಂಡಿತು. ಬಾಣಲೆಯ ಕಬ್ಬಿಣ ಸಾರಿಗೆ ಬಂದರೆ ನನ್ನ ಅತ್ತೆ ಬೈಯುತ್ತಾರೆ. ಇಲ್ಲಿ ಬಾಣಲೆಯೇ ಸಾರಿನ ರುಚಿ!

ಸಿಲಿಕಾನ್ ಬೇಕೆಂದೇ ತೂಗಿ ಹಾಕಿ, ಮಸಿ ಗಟ್ಟಿಯಾಗಿ ಹಿಡಿಸಿದ ಕೊಳವೆಯಲ್ಲಿ ಬೇಯಿಸಿದರೆ ಅವೇ ಹರಳು ಬರಬೇಕು. ಬಂದರೆ ನಮ್ಮ ಸಂಯುಕ್ತ ನಾಲ್ಕು ಧಾತುಗಳದ್ದು, ಹೊಸದು, ನಿಜವಾದದ್ದು. ಬಾರದಿದ್ದರೆ ಹದಿಮೂರನೆಯ ಪುಟದಲ್ಲಿ ಒಂದು ತೂತು, ಪದವಿಯೂ ಅದರೊಳಗೆ ಬೀಳುತ್ತದೆ. ನಿಧಾನ ಕಾಯಿಸಿ ನಿಧಾನ ತಣಿಸಬೇಕು. ಮೇ ತಿಂಗಳ ಮೊದಲ ವಾರಕ್ಕೆ ಮುಗಿದೀತು, ವಿದ್ಯುತ್ ಇದ್ದರೆ.

ನನ್ನ ಮಾರ್ಗದರ್ಶಕ ಓಸ್ತಾಪ್ ಮಾರ್ಕಿಯಾನೊವಿಚ್ ತಲೆ ಹಿಡಿದು ಕೂತರು. “ನೀಲಾ, ಮೊದಲು ಪದವಿ ತಗೊಳ್ರೀ, ಆಮೇಲೆ ಸತ್ಯ ಹೇಳಿ. ಸತ್ಯ ಎಲ್ಲೂ ಓಡಿಹೋಗಲ್ಲ.”

“ನಾನು ಓಡಿಹೋಗ್ತೀನಿ ಸರ್,” ಅಂದೆ. “ಅಲ್ಲಿ ನಿಂತು ಬೆಳ್ಳಿ ಬೆಳ್ಳಿ ಅಂತ ಓದೋವಾಗ ನನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ.”

ಗಾಜಿನ ಚೂರನ್ನು ಬೆಂಕಿಪೊಟ್ಟಣದಲ್ಲಿಟ್ಟು, ಹರಳುಗಳನ್ನು ತರುವ ಬಸ್ ಚಾಲಕ ಸಾವಾ ಕೈಯಲ್ಲೇ ಕಳಿಸುತ್ತಿದ್ದೇನೆ.

ನೀಲಾ


ಲ್ವಿವ್
2 ಏಪ್ರಿಲ್ 1999

ಪ್ರಿಯ ನೀಲಾ,

ಸಾವಾ ನಿಮ್ಮ ಬೆಂಕಿಪೊಟ್ಟಣವನ್ನು ಟೋಪಿಯೊಳಗೆ ಇಟ್ಟುಕೊಂಡು ತಂದ. “ಹರಳು ಆದ್ರೆ ಜೇಬಲ್ಲಿ ಇಡ್ತಿದ್ದೆ ಪಾನಿ. ಗಾಜು ಅಂದ್ರು, ಅದಕ್ಕೇ ತಲೆ ಮೇಲೆ. ಕೂತಾಗ ಒಡೀಬಾರ್ದಲ್ಲ,” ಎಂದ. ಅವನ ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದೆ. ಹಿಮ ಕರಗುವಾಗ ಕಿಟಕಿಯ ಅಂಚಿನಲ್ಲಿ ಉಳಿಯುತ್ತದಲ್ಲ, ಅಂಥ ಬಿಳುಪು. ಅದರ ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣ ಎರಡು ಕೆಂಪು ಸೂಜಿಗಳು ಗಾಜಿಗೆ ಬೇರು ಬಿಟ್ಟಂತೆ ನಿಂತಿವೆ. ನೀವು ಮುಚ್ಚಿಟ್ಟದ್ದು, ನಾನು ಮುಚ್ಚಿಟ್ಟದ್ದು ಎರಡೂ ಒಂದೇ ಮೇಜಿನ ಮೇಲೆ. ಎರಡನ್ನೂ ಜೋಡಿಸಿದ ಮೇಲೆ ಎಷ್ಟು ಸರಳ! ಸೆಪ್ಟೆಂಬರಿನಲ್ಲೇ ಜೋಡಿಸಬಹುದಿತ್ತು. ಆದರೆ ಆಗ ನಾವು ಒಬ್ಬರಿಗೊಬ್ಬರು ಅಂಕಿಗಳನ್ನು ಮಾತ್ರ ಬರೆಯುತ್ತಿದ್ದೆವು.

ಒಂದು ಕೇಳಿಕೆ. ಹೊಸ ಕೊಳವೆ ಸರಿಯಾಗಿ ಬಂದರೆ ಪುಸ್ತಿಕೆಗೆ ತಿದ್ದುಪಡಿ ಚೀಟಿ ಅಂಟಿಸುತ್ತೀರಿ. ಅದರಲ್ಲಿ ಪರಮಾಣುವನ್ನು ತಪ್ಪಾಗಿ ಗುರುತಿಸಿದವಳು ನಾನು ಎಂದು ನನ್ನ ಹೆಸರು ಹಾಕಿ ಬರೆಯಿರಿ. ಪದವಿಗೆ ನಿಂತವಳು ನೀವು. ನನಗೆ ಕಳೆದುಕೊಳ್ಳುವುದು ಏನೂ ಇಲ್ಲ, ಸ್ವಲ್ಪ ಜಂಬದ ಹೊರತು. ಅದು ಕಳೆದರೂ ಒಳ್ಳೆಯದೇ ಎಂದು ನನ್ನ ತಂಗಿ ಹೇಳುತ್ತಾಳೆ.

ವಾಂಡಾ


ಲುತ್ಸ್ಕ್
14 ಏಪ್ರಿಲ್ 1999

ಪಾನಿ ವಾಂಡಾ, ಕ್ರಿಸ್ತ ಎದ್ದು ಬಂದಿದ್ದಾನೆ!

ನಿಮಗೆ ಮೊದಲು ಈಸ್ಟರ್ ಹಬ್ಬದ ಕಥೆ. ಶನಿವಾರ ಸಂಜೆ ಅತ್ತೆ ಇಗರ್ಜಿಯಲ್ಲಿ ಪವಿತ್ರ ಜಲ ಹಾಕಿಸಿಕೊಂಡು ಬರಲು ಬುಟ್ಟಿ ತುಂಬಿಸುತ್ತಿದ್ದರು: ಬಣ್ಣದ ಮೊಟ್ಟೆ, ಬೆಣ್ಣೆ, ಉಪ್ಪು, ಖಾರದ ಕಾಡುಮೂಲಂಗಿ ಬೇರು, ಎತ್ತರದ ಪಾಸ್ಕಾ ರೊಟ್ಟಿ. ಆಗ ಇಡೀ ಬೀದಿಯ ವಿದ್ಯುತ್ ಹೋಯಿತು. ನನ್ನ ಕುಲುಮೆ! ತಣಿಯುವ ಘಟ್ಟದಲ್ಲಿತ್ತು. ಒಮ್ಮೆಲೇ ತಣ್ಣಗಾದರೆ ಹರಳಿನ ಬದಲು ಪುಡಿ. ನಾನು ಮನೆಚಪ್ಪಲಿಯಲ್ಲೇ ಬೀದಿಯ ತುದಿಯ ಪ್ರಯೋಗಾಲಯಕ್ಕೆ ಓಡಿದೆ. ತಿಮೋಫಿ ಹಿಂದಿನಿಂದ ಬಂದ. ಕೈಯಲ್ಲಿ ಅವನ ಅಪ್ಪನ ಕಾಲದ ಕುರಿತುಪ್ಪಳದ ಕೋಟು.

“ಇದನ್ನ ಹೊದಿಸೋಣ.”

“ಸುಟ್ಟು ಹೋಗುತ್ತೆ ಕಣೋ!”

“ಕೋಟು ಹೋದ್ರೆ ಹೋಗ್ಲಿ. ನಾಲ್ಕು ವರ್ಷ ಮೂಲಂಗಿ ವಾಸನೆ ಕುಡಿದಿದೀನಿ, ಪುಡಿ ನೋಡೋಕಾ?”

ಕೋಟು, ಅದರ ಮೇಲೆ ಎರಡು ರಜಾಯಿ, ಅದರ ಮೇಲೆ ಕಾವಲುಗಾರನ ಕಂಬಳಿ. ಕುಲುಮೆ ಜ್ವರ ಬಂದ ಅಜ್ಜನ ಹಾಗೆ ಕೂತಿತ್ತು. ನಾವಿಬ್ಬರೂ ಉಷ್ಣಮಾಪಕವನ್ನು ಟಾರ್ಚ್ ಹಾಕಿ ನೋಡುತ್ತಾ ಪಕ್ಕದಲ್ಲಿ ಕೂತೆವು. ಮುಳ್ಳು ಇಳಿಯುತ್ತಿತ್ತು, ಆದರೆ ಮೆಲ್ಲಗೆ, ಮರ್ಯಾದೆಯಿಂದ. ಇಗರ್ಜಿಗೆ ಹೊರಟ ಅತ್ತೆ ದಾರಿಯಲ್ಲಿ ಇಣುಕಿ, “ಅದನ್ನೂ ಬುಟ್ಟಿಗೆ ಹಾಕಿ, ಪಾದ್ರಿಗಳ ಹತ್ರ ನೀರು ಹಾಕಿಸ್ಕೊಂಡು ಬರ್ತೀನಿ,” ಎಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ದೀಪ ಬಂತು. ತಿಮೋಫಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಈ ವಯಸ್ಸಿನಲ್ಲಿ!

ಕೋಟಿನ ತೋಳು ಕಂದಿದೆ. ಕುಲುಮೆ ಮತ್ತೆ ದಾರಿಗೆ ಬಂದಿದೆ. ಒಳಗೆ ಏನಾಗಿದೆ ಎಂದು ಮೇ ತಿಂಗಳವರೆಗೆ ತಿಳಿಯದು. ಚೀಟಿಯ ವಿಷಯ ಆಗ ಮಾತಾಡೋಣ.

ನೀಲಾ


ಲುತ್ಸ್ಕ್
4 ಮೇ 1999

ಪಾನಿ ವಾಂಡಾ,

ಒಡೆದೆ. ಕೆಂಪು. ಎಲ್ಲ ಕೆಂಪು! ಮೊದಲ ಸಲ ಕಪ್ಪು ಗಟ್ಟಿಯ ನಡುವೆ ಹುಡುಕಿ ಹೆಕ್ಕಿದ್ದೆನಲ್ಲ, ಈಗ ಕೊಳವೆ ತುಂಬ ದಾಳಿಂಬೆ ಬಿಡಿಸಿಟ್ಟಂತೆ. ಮಸಿ ಒಂದು ಎಳೆಯೂ ಕಿತ್ತಿಲ್ಲ, ಗಾಜು ತಿಳಿಯಾಗಿದೆ. ಆದರೆ ಕೆಂಪಾದದ್ದೆಲ್ಲ ಅದೇ ಎಂದು ಹೇಳುವಂತಿಲ್ಲ. ನನ್ನ ಕಣ್ಣನ್ನು ನಾನು ನಂಬುವುದಿಲ್ಲ, ನಿಮ್ಮ ಯಂತ್ರವನ್ನು ನಂಬುತ್ತೇನೆ. ಸಾವಾ ಎಂಜಿನ್ ಚಾಲೂ ಮಾಡಿಕೊಂಡು “ಅಕ್ಕಾ, ಬರೆದದ್ದು ಸಾಕು, ಜನ ಬೈತಿದಾರೆ” ಎಂದು ಕೂಗುತ್ತಿದ್ದಾನೆ.

ನೀ


ತಂತಿ
ಲ್ವಿವ್, 13 ಮೇ 1999

ಸಿಲಿಕಾನ್ ಪೂರ್ತಿ ಇದೆ. ಬೆಳ್ಳಿ ತನ್ನ ಇನ್ನೊಂದು ಜಾಗದಲ್ಲಿದೆ. ಎಲ್ಲ ಪೂರ್ಣಾಂಕ. ಲೆಕ್ಕ ಹೊಂದಿತು. ಚೀಟಿ ಅಂಟಿಸು. ವಾಂಡಾ


ಲುತ್ಸ್ಕ್
15 ಮೇ 1999

ಪ್ರೀತಿಯ ವಾಂಡಾ,

ತಂತಿ ತಂದ ಹುಡುಗಿ ಹೆದರಿದ್ದಳು. ನಮ್ಮ ಬೀದಿಯಲ್ಲಿ ತಂತಿ ಎಂದರೆ ಯಾರೋ ಹೋದರು ಎಂದೇ ಅರ್ಥ. ನಾನು ಓದಿ ಕುಣಿದದ್ದು ನೋಡಿ ಅವಳೂ ನಕ್ಕಳು. “ಯಾರು ಹುಟ್ಟಿದ್ರು?” ಎಂದು ಕೇಳಿದಳು.

ನಿನ್ನೆ ಮನೆಯೆಲ್ಲ ಗೋಂದು. ಅತ್ತೆ ಹಿಟ್ಟು ಕಾಸಿ ಕೊಟ್ಟರು, ತಿಮೋಫಿ ಚೀಟಿ ಕತ್ತರಿಸಿದ, ನಾನು ಅಂಟಿಸಿದೆ. ಆಗಲೇ ಅಂಚೆಯಲ್ಲಿ ಹೋದ ಪ್ರತಿಗಳಿಗೆ ಒಂದೊಂದು ಚೀಟಿ ಹಿಂದೆಯೇ ಓಡಿಸಿದ್ದೇನೆ. ಅತ್ತೆಗೆ ಈಗ ಎಲ್ಲ ಗೊತ್ತು. ಬಾಗಿಲಿಗೆ ಬಂದ ಹಾಲಿನವಳಿಗೆ, “ಅದು ಬೆಳ್ಳಿ ಅಲ್ವಂತೆ, ಸಿಲಿಕಾನಂತೆ. ನಾನಾಗಲೇ ಅಂದ್ಕೊಂಡಿದ್ದೆ,” ಎಂದು ಹೇಳುತ್ತಿದ್ದರು.

ಚೆರ್ನಿವ್ಟ್ಸಿಯಿಂದ ಬರುವ ಪರೀಕ್ಷಕರು ಬಹಳ ಕಠಿಣ ಎಂದು ಕೇಳಿದ್ದೇನೆ. ಅಚ್ಚಾದ ಮೇಲೆ ಸೂತ್ರ ಬದಲಿಸಿದವಳನ್ನು ಅವರು ಏನು ಮಾಡುತ್ತಾರೋ. ಓಸ್ತಾಪ್ ಮಾರ್ಕಿಯಾನೊವಿಚ್ ಈಗಾಗಲೇ ಹೃದಯದ ಹನಿ ಔಷಧಿ ಕುಡಿಯಲು ಶುರು ಮಾಡಿದ್ದಾರೆ.

ಚೀಟಿಯಲ್ಲಿ ಏನು ಬರೆದೆ ಎಂದು ಹೇಳುವುದಿಲ್ಲ. ನೀವು ಹೇಗೂ ಬರುವವರಲ್ಲ.

ನಿಮ್ಮ ನೀಲಾ


ಲ್ವಿವ್
23 ಮೇ 1999

ನೀಲಾ,

ಊಟದ ಗದ್ದಲದಲ್ಲಿ ನಿನಗೆ ಏನೂ ಹೇಳಲಾಗಲಿಲ್ಲ. ನಿನ್ನ ಗಂಡ ನನ್ನ ತಟ್ಟೆಗೆ ಬಡಿಸುವುದನ್ನು ನಿಲ್ಲಿಸಿದ್ದರೆ ಹೇಳಬಹುದಿತ್ತು. ವೇದಿಕೆಯ ಮೇಲಿದ್ದ ನಿನಗೆ ಕಾಣದ್ದನ್ನು ಈಗ ಬರೆಯುತ್ತೇನೆ.

ನಾನು ಬಂದದ್ದು ಚೀಟಿ ನೋಡಲು. ನಿನ್ನ ‘ಹೇಳುವುದಿಲ್ಲ’ ಓದಿದ ಕೂಡಲೇ ನೀನು ನನ್ನ ಮಾತು ಕೇಳಿಲ್ಲ ಎಂದು ಗೊತ್ತಾಯಿತು. ತಪ್ಪು ನನ್ನದೆಂದು ಒಂದು ಹೇಳಿಕೆ ಬರೆದು ಚೀಲದಲ್ಲಿಟ್ಟುಕೊಂಡು ಸಾವಾನ ಬಸ್ ಹತ್ತಿದೆ. ಅವನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, “ಈ ಸಲ ಹರಳಿಗೆ ಬದಲು ಪಾನಿಯನ್ನೇ ಸಾಗಿಸ್ತಿದೀನಿ, ಗುಂಡಿ ನೋಡ್ಕೊಂಡು ಓಡಿಸ್ಬೇಕು,” ಎಂದು ಎಲ್ಲರಿಗೂ ಸಾರಿದ.

ಸಭಾಂಗಣದ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಹೂವಿನ ವಸ್ತ್ರ ತಲೆಗೆ ಕಟ್ಟಿಕೊಂಡ ಮುದುಕಿ. “ನೀವು ಯಾರ ಕಡೆಯವರು?” ಎಂದು ಕೇಳಿದರು.

“ಬೆಳ್ಳಿ ಕಡೆಯವಳು,” ಎಂದೆ.

“ಅಯ್ಯೋ, ಅದು ಸೋತುಹೋಯ್ತಲ್ಲ!” ಎಂದು ನಿಜವಾದ ಅನುಕಂಪದಿಂದ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. ಆಗಲೇ ನಿನ್ನ ಅತ್ತೆ ಎಂದು ತಿಳಿಯಿತು.

ಪುಸ್ತಿಕೆ ಅವರ ಕೈಯಲ್ಲಿತ್ತು. ಚೀಟಿ ಓದಿದೆ. ‘ಕೊಳವೆಯ ಗೋಡೆಯಿಂದ ಬಂದ ಸಿಲಿಕಾನನ್ನು ನಾವು ಮೊದಲು ಗುರುತಿಸಲಿಲ್ಲ.’ ನಾವು. ಹಠಮಾರಿ.

ಚೆರ್ನಿವ್ಟ್ಸಿಯ ಮುದುಕ ಪರೀಕ್ಷಕರು ಎದ್ದಾಗ ನೀನು ಕಡ್ಡಿಯನ್ನು ಮೇಜಿನ ಮೇಲಿಟ್ಟು ಅವರ ಕಡೆ ತಿರುಗಿದೆ. “ಆ ಕೊಳವೆ ಕೆಡದೇ ಇದ್ದಿದ್ರೆ, ಸಿಲಿಕಾನ್ ಹಾಕ್ಬೇಕು ಅಂತ ನಿಮಗೆ ಹೊಳೀತಿತ್ತೇನಮ್ಮಾ?” ಎಂದರು. ನೀನು ತಡಮಾಡದೆ, “ಇಲ್ಲ ಸರ್. ಯಾವತ್ತೂ ಹೊಳೀತಿರಲಿಲ್ಲ,” ಎಂದೆ. ಓಸ್ತಾಪ್ ಮಾರ್ಕಿಯಾನೊವಿಚ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ಅವರು ನಗುತ್ತಿದ್ದದ್ದು ನನಗೆ ಕಂಡಿತು.

“ಮತ್ತೆ ಬೆಳ್ಳಿ ಅಂತ ಬರೆದವರು ಯಾರು?” ಎಂದು ಮುದುಕರು ಬಿಡಲಿಲ್ಲ.

ಆಗ ನಾನು ಹೇಳಿಕೆ ಹಿಡಿದು ಎದ್ದೆ. ಪೂರ್ತಿ ಏಳುವ ಮೊದಲೇ ನಿನ್ನ ಅತ್ತೆ ನನ್ನ ಲಂಗ ಹಿಡಿದು ಎಳೆದು ಕೂರಿಸಿದರು. “ಕೂತ್ಕೊಳ್ರೀ! ನಮ್ ಸೊಸೆ ಮಾತಾಡ್ತಿದಾಳೆ!”

ಕೂತುಕೊಂಡೇ ಕೇಳಿದೆ. “ಹರಳು ಅಳೆದವರಿಗೆ ಗಾಜಿನ ವಿಷಯ ನಾನು ಹೇಳಿರಲಿಲ್ಲ. ಹೇಳಿದ್ರೆ ಅವತ್ತೇ ಹಿಡೀತಿದ್ರು. ನಾನು ಹೇಳದೇ ಇದ್ದಾಗ್ಲೂ ಅವರೇ ಹಿಡಿದ್ರು,” ಎಂದೆ ನೀನು. ಮುದುಕರು ಪುಸ್ತಿಕೆ ಮುಚ್ಚಿದರು. ಕನ್ನಡಕ ತೆಗೆದು, “ನನ್ನ ಆಯಸ್ಸಿನಲ್ಲಿ ಎಷ್ಟೋ ಪ್ರಬಂಧ ಪರೀಕ್ಷೆ ಮಾಡಿದೀನಿ. ‘ಹೊಳೀತಿರಲಿಲ್ಲ’ ಅಂದವರು ಇವರೊಬ್ಬರೇ. ನನಗೆ ಬೇರೆ ಪ್ರಶ್ನೆ ಇಲ್ಲ,” ಎಂದರು.

ಮತ ಎಣಿಸುವಾಗ ನಿನ್ನನ್ನು ಹೊರಗೆ ಕಳಿಸಿದರು. ಎಲ್ಲ ಮತಗಳೂ ನಿನ್ನ ಪರ ಎಂದು ಒಳಗೆ ಓದಿದ ಕ್ಷಣ, ನಾನು ಯಾರೆಂದು ತಿಳಿಯದ ನಿನ್ನ ಅತ್ತೆ ನನ್ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅದಾಗಿ ಬಾಗಿಲು ತೆರೆದಾಗ ನೀನು ನನ್ನ ಮುಂದೆ ನಿಂತಿದ್ದೆ. ನಾನು ಹೆಸರು ಹೇಳಬೇಕಾಗಲಿಲ್ಲ. ಹೇಗೆ ಗುರುತಿಸಿದೆ ಎಂದು ಕೇಳಲು ಮರೆತೆ.

ನಾನು ಎಲ್ಲಿಗೂ ಹೋಗುವವಳಲ್ಲ ಎಂದು ಬಹಳ ವರ್ಷಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮಂಡನೆಯ ದಿನ ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಹೂಬಿಟ್ಟ ಸೇಬಿನ ತೋಪುಗಳು ಒಂದರ ಹಿಂದೊಂದು ಬರುತ್ತಿದ್ದಾಗ, ಹಾಗೆ ಯಾಕೆ ಹೇಳುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಕಾರಣ ಸಿಗಲಿಲ್ಲ.

ಈ ವಾರ ಯಂತ್ರ ಖಾಲಿ ಇದೆ. ಬೆಳ್ಳಿಯ ಬದಲು ತಾಮ್ರ ಹಾಕಿದರೆ ಏನಾಗುತ್ತದೆ ಎಂದು ಊಟದ ನಡುವೆ ಕೇಳಿದೆಯಲ್ಲ, ಮಾಡಿ ಕಳಿಸು. ಇನ್ನು ‘ನೀವು’ ಬೇಡ.

ಮನೆಯಲ್ಲಿ ಬೇರೆ ಕಾಗದ ಇರಲಿಲ್ಲ. ಈ ಪತ್ರವನ್ನು ಆ ಹೇಳಿಕೆಯ ಬೆನ್ನಿಗೇ ಬರೆದಿದ್ದೇನೆ. ತಿರುಗಿಸಿ ಓದಬೇಡ.

ವಾಂಡಾ